ಫಲಕಕ್ಕೆ ಬೇಕಾದ ‘ಜರ್ಕ್’: ಒಂದು ಉತ್ತರ

ಕಲಬುರಗಿಯ ತೊಗರಿ ಬೇಳೆ ಮಿಲ್ಲಿನಲ್ಲಿ ಚೀಲ ಎತ್ತುವ ರಾಟೆಯ ಬಳಿ ನಾಳೆಯೇ ಫಲಕ ಹಾಕಬೇಕಾಗಿರುವುದರಿಂದ ‘ಜರ್ಕ್’ ಎಂಬ ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದ ಬೇಕೆಂದು ಕೇಳಿದ್ದೀರಿ. ಈಗಾಗಲೇ ಸೂಚಿತವಾಗಿರುವ ‘ಆಘಾತ’ ಸಲ್ಲದು. ಅದು ಪೆಟ್ಟು, ಚಲನೆಯಲ್ಲ. ‘ಹಠಾತ್ ಚಲನೆ’ ಎಂಬುದು ವಿವರಣೆಯೇ ಹೊರತು ಪದವಲ್ಲ.

ನನ್ನ ಖಚಿತ ಅಭಿಪ್ರಾಯವೆಂದರೆ, ಇಲ್ಲಿ ನಾಮಪದವನ್ನು ಹುಡುಕುವುದೇ ತಪ್ಪು. ಇಂಥ ಚಲನೆಯನ್ನು ಕನ್ನಡವು ಅನುಕರಣಾವ್ಯಯದಿಂದ, ಅಂದರೆ ಸದ್ದನ್ನೋ ಚಲನೆಯ ರೀತಿಯನ್ನೋ ಅನುಕರಿಸುವ ಪದದಿಂದ, ಹೇಳುತ್ತದೆ, ಮಾತ್ರವಲ್ಲ, ಅದು ಯಾವ ಬಗೆಯದೆಂಬುದನ್ನೂ ಆ ಅವ್ಯಯದಲ್ಲೇ ತಿಳಿಸುತ್ತದೆ: ಓಡುತ್ತಿದ್ದ ಬಸ್ಸು ಗಕ್ಕನೆ ನಿಲ್ಲುತ್ತದೆ, ಮಲಗಿದ್ದವನು ದಿಗ್ಗನೆ ಏಳುತ್ತಾನೆ, ಹಗ್ಗವನ್ನು ಸರಕ್ಕನೆ ಎಳೆಯುತ್ತಾರೆ. ಹಿಡಿದವರಿಂದ ಕೈ ಬಿಡಿಸಿಕೊಳ್ಳುವುದಕ್ಕಂತೂ ‘ಕೊಸರು’ ಎಂಬ ಕ್ರಿಯಾಪದವೇ ಇದೆ. ಇಷ್ಟು ಸೂಕ್ಷ್ಮವಾಗಿ ಬಿಡಿಸಿಟ್ಟದ್ದನ್ನು ಇಂಗ್ಲಿಷಿನ ಅಳತೆಗೆ ತಂದು ಒಂದೇ ಪದದಲ್ಲಿ ತುರುಕುವುದು ನಮಗೇ ನಷ್ಟ. ಭಾರ ಎತ್ತುವ ಸ್ಪರ್ಧೆಯ ಮಾತು ಬೇರೆ. 2000ರ ಸಿಡ್ನಿ ಒಲಿಂಪಿಕ್ಸಿನಲ್ಲಿ ಕರ್ಣಂ ಮಲ್ಲೇಶ್ವರಿಯವರು 130 ಕಿಲೋ ಎತ್ತಿದ್ದು ‘ಕ್ಲೀನ್ ಅಂಡ್ ಜರ್ಕ್’ ವಿಭಾಗದಲ್ಲಿ. ಅದು ಆಟದ ಹೆಸರು, ಹಾಗೆಯೇ ಇರಲಿ.

ಇನ್ನು ‘ಝಟ್ಕಾ’. ನಮ್ಮ ಭಾಗದಲ್ಲಿ ಕರೆಂಟು ಹೊಡೆದರೂ ಝಟ್ಕಾ, ಗಾಡಿ ಮುಗ್ಗರಿಸಿದರೂ ಝಟ್ಕಾ. ದಖ್ಖನಿಯಿಂದ, ಅಂದರೆ ಈ ಭಾಗದ ಉರ್ದುವಿನಿಂದ, ಬಂದ ಪದವಾದ್ದರಿಂದ ಅದು ಫಲಕದಲ್ಲಿ ಬೇಡವೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಆ ಫಲಕವನ್ನು ಓದಬೇಕಾದವರನ್ನು ನಾವು ಕರೆಯುವ ‘ಹಮಾಲ’ ಎಂಬ ಪದವೇ ಅರಬ್ಬಿ ಮೂಲದ್ದು. ಹಳೆಯ ಮೈಸೂರಿನವರ ಜಟಕಾ ಗಾಡಿಗೆ ಹೆಸರು ಬಂದದ್ದೂ ಇದೇ ಝಟ್ಕಾದಿಂದ. ಅದರ ಬಗ್ಗೆ ಯಾರೂ ತಗಾದೆ ತೆಗೆದಿಲ್ಲ. 1347ರಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾದ ಈ ಕಲಬುರಗಿಯಲ್ಲಿ ಒಂದೇ ಓಣಿಯಲ್ಲಿ ಬೆಳೆದ ಎರಡು ಭಾಷೆಗಳ ನಡುವೆ ಈಗ ಗೋಡೆ ಎಬ್ಬಿಸುವುದು ಶುದ್ಧಿಯಲ್ಲ.

ಫಲಕದಿಂದ ಆಗಬೇಕಾದ ಕೆಲಸವನ್ನೂ ನೋಡಬೇಕು. ಹಗ್ಗದ ಮೇಲೆ ಭಾರವನ್ನು ಒಮ್ಮೆಲೇ ಬಿಟ್ಟರೆ 50 ಕಿಲೋ ಚೀಲ ಕ್ಷಣಕಾಲ 100 ಕಿಲೋದಷ್ಟು ಜಗ್ಗುತ್ತದೆ. ಸಡಿಲವಿದ್ದ ಹಗ್ಗದಲ್ಲಿ ಚೀಲ ತುಸು ಬಿದ್ದು ಬಿಗಿದರೆ ಇನ್ನೂ ಹೆಚ್ಚು. ಅವಸರದಲ್ಲಿರುವ ಹಮಾಲನಿಗೆ ಇದು ಒಂದೇ ನೋಟಕ್ಕೆ ತಿಳಿಯಬೇಕಾದ್ದರಿಂದ ಹೀಗೆ ಬರೆಸಿರಿ: ‘ಝಟ್ಕಾ ಕೊಟ್ಟು ಜಗ್ಗಬೇಡಿ. ಹಗ್ಗ ಬಿಗಿಯಾದ ಮೇಲೆ ನಿಧಾನವಾಗಿ ಎತ್ತಿ.’ ಇದೇ ಫಲಕ ಮೈಸೂರಿಗೆ ಹೋಗುವುದಾದರೆ ಮೊದಲ ವಾಕ್ಯ ‘ಸರಕ್ಕನೆ ಎಳೆಯಬೇಡಿ’ ಎಂದಿರಲಿ.