ಬಿಪಿ ಇರೋ ಹಿರಿಯರು ಮಂಡಿನೋವಿಗೆ ಸೂಜಿ ಕೇಳಿದ್ರೆ ಏನು ಮಾಡ್ತೀರಿ?

ಪ್ರಶ್ನೆ: ಪಿಎಚ್‌ಸಿಗೆ ಹೊಸದಾಗಿ ಬಂದಿರೋ ವೈದ್ಯೆ ನಾನು. ಬಿಪಿ, ಶುಗರ್ ಇರೋ ಅಜ್ಜ-ಅಜ್ಜಿಯರು ಮಂಡಿನೋವು ಅಂತ ಬಂದು ಸೂಜಿಯೇ ಬೇಕು ಅಂತ ಕೂತ್ಕೋತಾರೆ. ಹಾಕದಿದ್ರೆ ‘ಈ ಡಾಕ್ಟರಮ್ಮನ ಕೈಗುಣ ಸರಿಯಿಲ್ಲ’ ಅಂತ ಬೇರೆ ಕಡೆ ಹೋಗ್ತಾರೆ. ಅನುಭವ ಇರೋರು ಹೇಗೆ ನಿಭಾಯಿಸ್ತೀರಿ?

ತಾಲ್ಲೂಕು ಆಸ್ಪತ್ರೆಯ ವೈದ್ಯರು: ಮೇಡಂ, ಸೂಜಿಯ ಮಾತು ಆಮೇಲೆ, ಮೊದಲು ಅವರ ಕೈಚೀಲ ಬಿಚ್ಚಿಸಿ. ಎಷ್ಟೋ ಜನರ ಚೀಲದಲ್ಲಿ ಟೆಲ್ಮಿಸಾರ್ಟಾನ್, ಹೈಡ್ರೋಕ್ಲೋರೋಥಯಜೈಡ್ ಎರಡೂ ಇರೋ ಬಿಪಿ ಮಾತ್ರೆ ಇರುತ್ತೆ. ಅದರ ಮೇಲೆ ನೋವಿನ ಸೂಜಿಯಲ್ಲಿರೋ ಡೈಕ್ಲೋಫೆನಾಕ್ ಬಿದ್ರೆ ಕಿಡ್ನಿಗೆ ಮೂರು ಕಡೆಯಿಂದ ಹೊಡೆತ. ಒಂದು ಮೈಯ ನೀರನ್ನು ಹೊರಹಾಕುತ್ತೆ, ಒಂದು ಸೋಸುವ ಒತ್ತಡ ಇಳಿಸುತ್ತೆ, ನೋವಿನ ಔಷಧ ಕಿಡ್ನಿಗೆ ರಕ್ತ ತರೋ ನಾಳವನ್ನೇ ಬಿಗಿಸುತ್ತೆ. ವಾಂತಿ-ಭೇದಿ ಆದೋರು, ಬಿಸಿಲಲ್ಲಿ ಕಳೆ ಕಿತ್ತು ನೀರೇ ಕುಡಿಯದೆ ಬಂದೋರಿಗೆ ಅಪಾಯ ಇನ್ನೂ ಜಾಸ್ತಿ. ಇದರ ಜೊತೆ ನೋವಿನ ಮಾತ್ರೆಯಿಂದ ಬಿಪಿಯೂ ಏರುತ್ತೆ. ಏರಿದ್ದು ಕಂಡು ನಾವು ಇನ್ನೊಂದು ಬಿಪಿ ಮಾತ್ರೆ ಸೇರಿಸ್ತೀವಿ!

ನಾನು ಮಂಡಿಗೆ ಹಚ್ಚೋಕೆ ಡೈಕ್ಲೋಫೆನಾಕ್ ಜೆಲ್ ಬರೀತೀನಿ, ಕುರ್ಚಿ ಮೇಲೆ ಕೂತು ಕಾಲು ನೀಟಾಗಿ ಚಾಚಿ ಹಿಡಿಯೋ ವ್ಯಾಯಾಮ ಅಲ್ಲೇ ಮಾಡಿಸಿ ತೋರಿಸ್ತೀನಿ. ಪ್ಯಾರಸಿಟಮಾಲ್ ಸವೆದ ಮಂಡಿಗೆ ಅಷ್ಟೇನೂ ನಾಟಲ್ಲ, ಆದ್ರೂ ಕೆಲವರಿಗೆ ಸಾಕಾಗುತ್ತೆ. ನೋವಿನ ಮಾತ್ರೆ ಕೊಡಲೇಬೇಕು ಅಂದ್ರೆ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋತ್ರೆ ಏರೋ ಅಂಶ) ನೋಡಿ, ಹೊಟ್ಟೆ ಹುಣ್ಣು, ಹೃದಯದ ತೊಂದರೆ ಇದೆಯಾ ಕೇಳಿ, ಎರಡು-ಮೂರು ದಿನಕ್ಕಷ್ಟೇ ಬರೀರಿ. ಎಷ್ಟು ದಿನ ಅಂತ ಬರೆಯದ ಚೀಟಿ ಹಿಡ್ಕೊಂಡು ವರ್ಷಗಟ್ಟಲೆ ಅದೇ ಮಾತ್ರೆ ತರೋರನ್ನ ನೋಡಿದೀನಿ.

ಫಾರ್ಮಸಿಸ್ಟ್: ಚೀಲ ನೋಡಿ ಅಂದಿದ್ದು ನೂರಕ್ಕೆ ನೂರು ನಿಜ. ನಮ್ಮ ಕಡೆಯ ಒಬ್ಬ ಅಜ್ಜಿ ಸರಕಾರಿ ಆಸ್ಪತ್ರೆಯ ಗ್ಲಿಮೆಪಿರೈಡ್ ಅನ್ನೋ ಶುಗರ್ ಮಾತ್ರೆ ತಿಂತಿದ್ರು. ಜೊತೆಗೆ ಖಾಸಗಿ ಡಾಕ್ಟರು ಬರೆದ ಗ್ಲಿಮೆಪಿರೈಡ್-ಮೆಟ್‌ಫಾರ್ಮಿನ್ ಕೂಡಿದ ಮಾತ್ರೆ ಬೇರೆ. ಒಂದು ಹಸಿರು, ಒಂದು ಬಿಳಿ, ಹಾಗಾಗಿ ಬೇರೆ ಬೇರೆ ಔಷಧ ಅಂದ್ಕೊಂಡಿದ್ರು. ನಸುಕಿನಲ್ಲಿ ಬೆವರಿ ನಡುಗಿದ್ರೆ ಮನೆಯೋರು ನಿಶ್ಶಕ್ತಿ ಅಂತ ಟಾನಿಕ್ ತಂದುಕೊಟ್ರು. ನೋಡಿದ್ರೆ ಶುಗರ್ ಇಳಿದುಹೋಗಿತ್ತು. ಸ್ಟ್ರಿಪ್ ಕತ್ತರಿಸಿ ಕೊಟ್ಟಾಗ ಹೆಸರಿರೋ ತುಂಡು ಅಂಗಡೀಲೇ ಉಳಿಯುತ್ತೆ, ಅದೂ ಒಂದು ಗೋಳು. ಬ್ರಾಂಡ್ ಹೆಸರಿನ ಜೊತೆ ಔಷಧದ ಹೆಸರನ್ನೂ ಬಿಡಿಸಿ ಬರೀರಿ. ಇನ್ನು ಸಂಧಿವಾತದ ಮೆಥೊಟ್ರೆಕ್ಸೇಟ್ ವಾರಕ್ಕೊಂದೇ ಸಲ ತಗೊಳ್ಳೋದು, ದಿನಾ ನುಂಗಿದ್ರೆ ಜೀವಕ್ಕೇ ಕುತ್ತು. ಚೀಟಿಯಲ್ಲಿ ‘ಸೋಮವಾರ ಮಾತ್ರ’ ಅಂತ ಕನ್ನಡದಲ್ಲೇ ಬರೀರಿ.

ಒಬ್ಬ ಸೊಸೆ: ನಮ್ಮತ್ತೆಗೂ ಸೂಜಿಯೇ ಆಗಬೇಕಿತ್ತು. ‘ಹಾಕಲ್ಲ’ ಅಂದ ಡಾಕ್ಟರ ಮೇಲೆ ಸಿಟ್ಟು ಮಾಡ್ಕೊಂಡ್ರು. ಇನ್ನೊಬ್ರು ರಕ್ತಪರೀಕ್ಷೆ ಮಾಡಿಸಿ, ಕ್ರಿಯಾಟಿನಿನ್ ಏರಿದ್ದ ಸಾಲಿಗೆ ಪೆನ್ನಲ್ಲಿ ಗೆರೆ ಎಳೆದು, ‘ಅಮ್ಮಾ, ಸೂಜಿ ಹಾಕಿದ್ರೆ ಇದು ಇನ್ನೂ ಮೇಲೆ ಹೋಗುತ್ತೆ’ ಅಂದ್ರು. ಆ ರಿಪೋರ್ಟನ್ನ ಈಗ ಅವರೇ ಎಲ್ಲ ಡಾಕ್ಟರಿಗೂ ಮೊದಲು ತೋರಿಸ್ತಾರೆ.