ಕಂಟ್ರಾಕ್ಟರ್ ಜೊತೆ ದಿನಾ ಜಗಳ, ಮನೆ ಮುಗಿಯುವುದು ಹೇಗೆ?

30_40_ಸೈಟ್:
ಮೈಸೂರಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮೆಟೀರಿಯಲ್ ಸಮೇತ ಚದರಕ್ಕೆ ಇಷ್ಟು ಅಂತ ಮಾತಾಗಿದೆ. ಲಿಂಟಲ್ (ಬಾಗಿಲು ಕಿಟಕಿ ಮೇಲಿನ ಕಾಂಕ್ರೀಟ್ ಪಟ್ಟಿ) ಮುಗಿದಿದೆ, ಇನ್ನು ಮೋಲ್ಡ್ (ಕಾಂಕ್ರೀಟ್ ತಾರಸಿ) ಹಾಕಬೇಕು. ಅಡುಗೆಮನೆ ಕಿಟಕಿ ದೊಡ್ಡದು ಮಾಡಿ ಅಂದರೆ ಎಕ್ಸ್‌ಟ್ರಾ, ಸಂಪ್ ಸ್ವಲ್ಪ ಆಳ ಮಾಡಿ ಅಂದರೆ ಅದಕ್ಕೂ ಎಕ್ಸ್‌ಟ್ರಾ, ಎಷ್ಟಾಗುತ್ತದೆ ಅಂದರೆ ಮಾತ್ರ "ಕೊನೆಗೆ ನೋಡೋಣ ಸಾರ್". ಅವರ ದೂರು ಏನಪ್ಪಾ ಅಂದರೆ ನಾನು ಸಂಜೆ ಹೋಗಿ ಮೇಸ್ತ್ರಿಗೆ ನೇರವಾಗಿ ಕೆಲಸ ಹೇಳುತ್ತೇನಂತೆ. ದುಡ್ಡು ನಮ್ಮದು, ಹೇಳಬಾರದಾ?

ಹಾಸನ_ಸಿವಿಲ್:
ಹೇಳಿ, ಆದರೆ ಕಂಟ್ರಾಕ್ಟರ್‌ಗೆ ಹೇಳಿ. ನೀವು ಮೇಸ್ತ್ರಿ ಕೈಲಿ ಒಡೆಸಿದ ಗೋಡೆಯ ಕೂಲಿ, ಸಿಮೆಂಟು ಎಲ್ಲಾ ಅವರ ತಲೆಗೇ ಬರುತ್ತದೆ. ಸೈಟಲ್ಲಿ ಒಂದು ಪುಸ್ತಕ ಇಡಿ. ಏನು ಬದಲಾವಣೆ, ಎಷ್ಟು ದುಡ್ಡು, ಎಷ್ಟು ದಿನ ಜಾಸ್ತಿ ಅಂತ ಬರೆದು ಇಬ್ಬರೂ ಸಹಿ ಹಾಕಿ, ಆಮೇಲೇ ಕೆಲಸ. ಮೋಲ್ಡ್‌ಗೆ ಮುಂಚೆ ಸೆಂಟ್ರಿಂಗ್ (ಕಾಂಕ್ರೀಟಿಗೆ ಕೆಳಗಿಂದ ಕೊಡುವ ಶೀಟು, ಕಂಬದ ಆಸರೆ) ಯಾವಾಗ ಬಿಚ್ಚುವುದು ಅಂತಲೂ ಮಾತಾಡಿಕೊಳ್ಳಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ ಗೋಡೆಯಿಂದ ಗೋಡೆಗೆ (ಸ್ಪ್ಯಾನ್) 4.5 ಮೀಟರ್ ತನಕದ ಸ್ಲ್ಯಾಬಿಗೆ ಆಸರೆ ಕನಿಷ್ಠ 7 ದಿನ, ಅದಕ್ಕೂ ಅಗಲ ಇದ್ದರೆ 14. 6 ಮೀಟರ್ ತನಕದ ಬೀಮಿಗೆ 14, ಮೇಲಿದ್ದರೆ 21. ಇದು ಓಪಿಸಿ (ಸಾಧಾರಣ) ಸಿಮೆಂಟಿನ ಲೆಕ್ಕ, ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟು) ಆದರೆ ಇನ್ನೂ ಬಿಡಬೇಕು. ಶೀಟಿನ ಬಾಡಿಗೆ ಏರುತ್ತಿದ್ದರೆ ಯಾರಿಗಾದರೂ ಅವಸರ ಇರುತ್ತದೆ, ಅಲ್ವಾ? ಕ್ಯೂರಿಂಗ್‌ಗೆ ನೀರು ಯಾರು ಹೊಡೆಯಬೇಕು ಅನ್ನುವುದನ್ನೂ ಬರೆಯಿರಿ, ಅರ್ಧ ಸೈಟಲ್ಲಿ ಅವರು ಹೊಡೀತಾರೆ ಅಂತ ಇವರು, ಇವರು ಹೊಡೀತಾರೆ ಅಂತ ಅವರು.

ತುಮಕೂರು_ಬಿಲ್ಡರ್:
ನಮ್ಮ ಕಡೆಯದ್ದೂ ಕೇಳಿ ಸ್ವಾಮಿ. ಚದರದ ರೇಟು ಮಾತಾಡುವಾಗ ಸಂಪ್, ಕಾಂಪೌಂಡು ಅದರಲ್ಲೇ ಬರುತ್ತದಾ ಅಂತ ಯಾರೂ ಕೇಳುವುದಿಲ್ಲ. ಓನರ್ ಟೈಲ್ಸ್ ಆರಿಸುವಷ್ಟರಲ್ಲಿ ನಮ್ಮ ಟೈಲ್ಸ್ ಹುಡುಗರು ಬೇರೆ ಸೈಟು ಹಿಡಿದಿರುತ್ತಾರೆ. ಲಿಂಟಲ್ ದುಡ್ಡು ಮೋಲ್ಡ್ ಆದ ಮೇಲೆ ಕೊಟ್ಟರೆ ಮೋಲ್ಡ್‌ಗೆ ಕಬ್ಬಿಣ ಎಲ್ಲಿಂದ ತರಲಿ? ಲೋನ್ ಕಂತು ತಡ ಆಗುತ್ತದೆ ಅಂತ ಮೊದಲೇ ಹೇಳಿದರೆ ಕೆಲಸ ಹೊಂದಿಸಿಕೊಳ್ಳುತ್ತೇವೆ, ಫೋನ್ ಎತ್ತದೆ ಸುಮ್ನೆ ಇದ್ದರೆ ಕಷ್ಟ.

ಲಂಡನ್_ಕನ್ನಡಿಗ:
ಇಲ್ಲಿ ಹೀಥ್ರೂ ವಿಮಾನ ನಿಲ್ದಾಣದ ಟರ್ಮಿನಲ್ 5 ಕಟ್ಟುವಾಗ ಮಾಲೀಕರಾದ ಬಿಎಎ ಕಂಪನಿ ರಿಸ್ಕ್ ನಮ್ಮದೇ ಅಂತ ಒಪ್ಪಂದದಲ್ಲೇ ಬರೆದುಕೊಟ್ಟಿತ್ತು. ಉಳಿತಾಯ ಆದರೆ ಕಂಟ್ರಾಕ್ಟರ್‌ಗಳಿಗೂ ಪಾಲು. ಹಾಗಾಗಿ ತೊಂದರೆ ಮುಚ್ಚಿಟ್ಟು ಯಾರಿಗೂ ಲಾಭ ಇರಲಿಲ್ಲ. ಸುಮಾರು 430 ಕೋಟಿ ಪೌಂಡಿನ ಕೆಲಸ, 2008ರ ಮಾರ್ಚ್‌ನಲ್ಲಿ ಹೇಳಿದ ಹೊತ್ತಿಗೆ ಬಾಗಿಲು ತೆರೆಯಿತು. (ಮೊದಲ ದಿನ ಬ್ಯಾಗೇಜ್ ಕೈಕೊಟ್ಟು ಮಾನ ಹೋಯಿತು, ಅದು ಬೇರೆ ಕಥೆ.)

30_40_ಸೈಟ್:
ರಿಸ್ಕ್ ಎಲ್ಲಾ ನಮ್ಮದೇ ಅಂತ ಬರೆದುಕೊಟ್ಟರೆ ನಮ್ಮ ಮನೆಯವರು ನನ್ನನ್ನು ಆ ಸಂಪಿಗೇ ಇಳಿಸುತ್ತಾರೆ 😀

ಹಾಸನ_ಸಿವಿಲ್:
ಎಲ್ಲಾ ಬೇಡ. ಪಾಯದಲ್ಲಿ ಬಂಡೆ ಸಿಕ್ಕಿದರೆ, ಕಬ್ಬಿಣದ ರೇಟು ಏರಿದರೆ ಅದು ಯಾರ ಕೈಯಲ್ಲೂ ಇಲ್ಲ, ಅಷ್ಟನ್ನು ನೀವು ಹೊರಿ. ಗೋಡೆ ಸೊಟ್ಟಗಾದರೆ, ಮೋಲ್ಡ್ ಸೋರಿದರೆ ಅವರದು. ನಿಮ್ಮ ಪಾಯ ಮುಗಿದಿರುವುದರಿಂದ ಉಳಿದಿರುವುದು ಕಬ್ಬಿಣ ಒಂದೇ, ಇವತ್ತಿನ ರೇಟು ಹಿಡಿದು ಮೋಲ್ಡ್‌ಗೆ ಮುಂಚೆ ಬರೆದುಕೊಳ್ಳಿ.