ಪದಚರ್ಚೆ: ಬಲೂನಿನ ಬಟ್ಟೆ ತುಂಡು ಎಸಳೋ, ಕಲಿಯೋ, ತೊಳೆಯೋ?

ಗೆಳೆಯರೇ,

ಒಬ್ಬರೇ ಹಾರುವ ಪುಟ್ಟ ಬಿಸಿಗಾಳಿ ಬಲೂನು ಕಟ್ಟುವ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅದು ಇಂಜಿನಿಯರುಗಳಿಗಷ್ಟೇ ಅಲ್ಲ. ಬಟ್ಟೆ ಕತ್ತರಿಸುವ, ಹೊಲಿಯುವ ಟೈಲರ್‌ಗಳಿಗೂ ಅರ್ಥವಾಗಬೇಕು. ಬಹಳಷ್ಟು ಪದಗಳು ಸುಲಭವಾಗಿ ಸಿಕ್ಕವು. ಒಂದರ ಬಗ್ಗೆ ಮಾತ್ರ ನಿಮ್ಮ ಅಭಿಪ್ರಾಯ ಬೇಕು.

ಬಲೂನಿನ ದೊಡ್ಡ ಚೀಲವನ್ನು ಉದ್ದುದ್ದ ತುಂಡುಗಳಲ್ಲಿ ಹೊಲಿಯುತ್ತಾರೆ. ಒಂದೊಂದು ತುಂಡೂ ನೆತ್ತಿಯಿಂದ ಕೆಳಗಿನ ಬಾಯಿಯವರೆಗೆ ಇಳಿಯುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಗೋರ್ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನೋಣ?

ಈ ತುಂಡಿನ ಆಕಾರ ಹೇಳದೆ ಪದ ಆರಿಸುವುದು ಕಷ್ಟ. ಅದಕ್ಕೆ ಮೊದಲು ಚೀಲ ಎಷ್ಟು ದೊಡ್ಡದಿರಬೇಕು ಅಂತ ಲೆಕ್ಕ ಹಾಕೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿ ಸ್ವಲ್ಪ ತೆಳು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಲ್ಲಿಯ ಒಂದು ಘನ ಮೀಟರ್ ಗಾಳಿ ಸುಮಾರು 1.08 ಕಿಲೋ ತೂಗುತ್ತದೆ. 90 ಡಿಗ್ರಿಗೆ ಕಾಯಿಸಿದರೆ ಅಷ್ಟೇ ಜಾಗದಲ್ಲಿ ಉಳಿಯುವುದು 0.87 ಕಿಲೋ. ಈ 210 ಗ್ರಾಂ ವ್ಯತ್ಯಾಸವೇ ಬಲೂನನ್ನು ಎತ್ತಬೇಕು. ಆಳು, ಗ್ಯಾಸ್ ಸಿಲಿಂಡರ್, ಬರ್ನರ್, ಕೂರುವ ಪಟ್ಟಿ, ಚೀಲದ ಬಟ್ಟೆ ಎಲ್ಲ ಸೇರಿ 170 ಕಿಲೋ ಅಂತಿಟ್ಟುಕೊಳ್ಳಿ. ಸುಮಾರು 800 ಘನ ಮೀಟರ್‌ನ ಚೀಲ ಬೇಕಾಗುತ್ತದೆ. ಪೂರ್ತಿ ಗುಂಡಗೆ ಹೊಲಿದರೆ ಸೊಂಟದ ಸುತ್ತಳತೆ 36 ಮೀಟರ್. 24 ತುಂಡು ಮಾಡಿದರೆ ಒಂದೊಂದರ ಅಗಲ ಅಲ್ಲಿ 150 ಸೆಂಟಿಮೀಟರ್.

ಇನ್ನು ಸೊಂಟದಿಂದ ನೆತ್ತಿಗೆ ಅರ್ಧ ದಾರಿ ಹೋದರೆ ಅಗಲ ಎಷ್ಟಿರಬೇಕು? ಅರ್ಧ, ಅಂದರೆ 75 ಅನ್ನಿಸುತ್ತದೆ, ಅಲ್ವಾ? ಅದು 106. ಅಂಚು ನೇರವಾಗಿ ಓಡುವುದಿಲ್ಲ, ಬಾಗುತ್ತದೆ. ಅಗಲ ಮೊದಲು ನಿಧಾನವಾಗಿ ಕಿರಿದಾಗುತ್ತದೆ, ನೆತ್ತಿ ಹತ್ತಿರವಾದಂತೆ ಬೇಗ. ಇಷ್ಟನ್ನು ಹೇಳುವ ಪದ ಬೇಕು.

ಎಸಳು ಅಂತ ಕೆಲವರು ಸೂಚಿಸಿದರು. ಕಿವಿಗೆ ಇಂಪಾಗಿದೆ, ಆದರೆ ಎಸಳು ಬುಡದಲ್ಲಿ ಕೂಡುತ್ತದೆ, ತುದಿಯಲ್ಲಿ ಬಿಡಿ. ಬಲೂನಿನಲ್ಲಿ ಬಿಡಿಯಾದದ್ದೇನೂ ಇಲ್ಲ. ನಮ್ಮ ಪೇಟೆಯ ಟೈಲರ್‌ಗಳ ಬಾಯಲ್ಲಿರುವುದು ಕಲಿ, ಉರ್ದುವಿನಿಂದ ಬಂದದ್ದು. ಕುರ್ತಾದ ಕಲಿ ಮೇಲೆ ಕಿರಿದು, ಕೆಳಗೆ ಅಗಲ, ಅಂಚು ನೇರ. ಆ ಪದ ಹೇಳಿದ ಕೂಡಲೇ ನಾನು ಮಾತಾಡಿಸಿದ ಟೈಲರ್ ಒಬ್ಬರು ಸ್ಕೇಲ್ ಇಟ್ಟು ಸೀದಾ ಗೆರೆ ಎಳೆದರು. ಕುರ್ತಾಕ್ಕೆ ಅದೇ ಸರಿ, ಬಲೂನಿಗೆ ಅಲ್ಲ.

ನನಗೆ ಒಪ್ಪಿಗೆಯಾಗಿರುವುದು ತೊಳೆ. ಕಿತ್ತಳೆ ತೊಳೆಯನ್ನು ನೋಡಿ. ಎರಡೂ ತುದಿ ಕೂಡುತ್ತವೆ, ನಡು ಉಬ್ಬಿದೆ, ಅಂಚು ಬಾಗಿದೆ. ಇದನ್ನು ಹೇಳಿದಾಗ ಅದೇ ಟೈಲರ್ ಕೈಯಲ್ಲೇ ಗಾಳಿಯಲ್ಲಿ ಆಕಾರ ಬರೆದು ತೋರಿಸಿದರು. ಒಂದು ತೊಡಕಿದೆ. ಕತ್ತರಿಸಿಟ್ಟ ಬಟ್ಟೆಯ ಮೇಲೆ ಚಾಕ್‌ಪೀಸಿನಲ್ಲಿ 'ತೊಳೆ' ಅಂತ ಬರೆದರೆ ಒಗೆಯಲು ಹೇಳಿದಂತಾಗುತ್ತದೆ. ಲೇಪನ ಬಳಿದ ನೈಲಾನನ್ನು ಯಾರಾದರೂ ಸೋಪು ಹಾಕಿ ಉಜ್ಜಿದರೆ ಕಷ್ಟ. ಹಾಗಾಗಿ 'ತೊಳೆಪಟ್ಟಿ' ಅಂತ ಮಾಡಬಹುದೇ?

ತುಂಡು ಸೇರಿಸುವ ಬಗೆಗೂ ಪದ ಬೇಕಿತ್ತು. 1783ರಲ್ಲಿ ಫ್ರಾನ್ಸಿನ ಅನೊನೇಯಲ್ಲಿ ಮೊಂಗಾಲ್ಫಿಯೇ ಸಹೋದರರು ಹಾರಿಸಿದ ಬಲೂನಿನ ಭಾಗಗಳನ್ನು ಗುಂಡಿ ಹಾಕಿ ಸೇರಿಸಿದ್ದರು. ಈಗ ಎರಡು ಅಂಚನ್ನೂ ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಗೆ ಹಾಕುತ್ತಾರೆ. ಇದಕ್ಕೆ 'ಮಡಿಕೆ ಹೊಲಿಗೆ' ಸಾಕು.

ಉಳಿದವು: ಮೇಲ್ತುದಿ ನೆತ್ತಿ, ಕೆಳಗೆ ಬಾಯಿ. ಬಿಸಿಗಾಳಿ ಹೊರಬಿಡಲು ನೆತ್ತಿಯಲ್ಲಿರುವ ಕಿಂಡಿ ಬೆಳಕಿಂಡಿ ಅಲ್ಲ, ಗಾಳಿಕಿಂಡಿ. ಬರ್ನರ್ ಬರ್ನರೇ ಇರಲಿ. ಒಲೆ ಅಂದರೆ ಸುಮ್ನೆ ಪಾತ್ರೆ ನೆನಪಾಗುತ್ತದೆ. ಇಂಥ ಒಬ್ಬರ ಬಲೂನಿನಲ್ಲಿ ಸಾಮಾನ್ಯವಾಗಿ ಬುಟ್ಟಿ ಇರುವುದಿಲ್ಲ. ಬೆನ್ನಿಗೆ ಸಿಲಿಂಡರ್, ಕೆಳಗೆ ಕೂರುವ ಪಟ್ಟಿ, ಅಷ್ಟೇ. ಬುಟ್ಟಿ ಎಂಬ ಪದವನ್ನು ಎಲ್ಲೂ ಬಳಸಿಲ್ಲ.

ನನಗೆ ತುಂಬ ಖುಷಿ ಕೊಟ್ಟದ್ದು ಕಣ್ಣಿ. ದನ ಕಟ್ಟುವ ಹಗ್ಗಕ್ಕೆ ಹಳ್ಳಿಗಳಲ್ಲಿ ಹೇಳುವ ಪದ. ಮೊದಲ ಪರೀಕ್ಷೆಯಲ್ಲಿ ಬಲೂನನ್ನು ಹಗ್ಗ ಕಟ್ಟಿ ಕೆಲವು ಮೀಟರ್ ಮಾತ್ರ ಏಳಲು ಬಿಡುತ್ತಾರೆ. ಜಕ್ಕೂರು, ಯಲಹಂಕ, ಎಚ್‌ಎಎಲ್, ದೇವನಹಳ್ಳಿ ಅಂತ ಸುತ್ತಲೂ ವಿಮಾನಗಳು ಇಳಿಯುವ ಊರಿದು. ಒಪ್ಪಿಗೆಯಿಲ್ಲದೆ ಹಾರಿಸುವ ಮಾತೇ ಇಲ್ಲ. ಒಪ್ಪಿಗೆ ಸಿಕ್ಕ ಮೇಲೂ ಮೊದಲು 'ಕಣ್ಣಿ ಹಾರಾಟ', ಆಮೇಲೆ ಬಿಟ್ಟ ಹಾರಾಟ. ಈ ಜೋಡಿ ಚೆನ್ನಾಗಿ ಕೂತಿದೆ ಅನ್ನಿಸುತ್ತದೆ.

ಕರಾವಳಿಯ ಗೆಳೆಯರಲ್ಲಿ ವಿಶೇಷವಾಗಿ ಕೇಳುತ್ತೇನೆ. ದೋಣಿಯ ಹಾಯಿ ಹೊಲಿಯುವಾಗ ಸೇರಿಸುವ ಒಂದೊಂದು ಬಟ್ಟೆ ಪಟ್ಟಿಗೆ ನಿಮ್ಮ ಕಡೆ ಬೇರೆ ಹೆಸರಿದೆಯೇ? ಶಾಮಿಯಾನ, ಕೊಡೆ ಹೊಲಿಯುವವರ ನಡುವೆ ಬೆಳೆದವರಿದ್ದರೆ ನೀವೂ ತಿಳಿಸಿ. ಅವರ ಬಾಯಲ್ಲಿರುವ ಪದ ತೊಳೆಪಟ್ಟಿಗಿಂತ ಚೆನ್ನಾಗಿದ್ದರೆ ಅದನ್ನೇ ತೆಗೆದುಕೊಳ್ಳುತ್ತೇನೆ.